ಸಹಿ ನಸೀಮಾಳದು, ಬೆರಳು ನನ್ನದು

ನನಗೆ ನನ್ನ ಸಹಿಗಿಂತ ಬೇರೆಯವರ ಸಹಿಯೇ ಚೆನ್ನಾಗಿ ಬರುತ್ತದೆ. ಇದನ್ನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ತಲೆ ತಗ್ಗಿಸಿ ಹೇಳುತ್ತಿದ್ದೇನೆ. ಸಂತೆಕಲ್ಲೂರಿನ ಶಾಲೆಯಲ್ಲಿದ್ದಾಗಲೇ ಈ ವಿದ್ಯೆ ನನಗೆ ಹತ್ತಿತು. ನನ್ನ ಜೊತೆಯ ಹುಡುಗರ ಅಪ್ಪಂದಿರಲ್ಲಿ ಅರ್ಧ ಜನ ಹೊತ್ತು ಮುಳುಗುವವರೆಗೂ ಹೊಲದಲ್ಲಿರುತ್ತಿದ್ದರು. ಉಳಿದ ಅರ್ಧ ಜನಕ್ಕೆ ಅಂಕಪಟ್ಟಿ ತೋರಿಸಿದರೆ ಮಕ್ಕಳ ಬೆನ್ನಿಗೆ ಅಪಾಯವಿತ್ತು. ಹಾಗಾಗಿ ಅಂಕಪಟ್ಟಿಗಳೆಲ್ಲ ನನ್ನ ಬಳಿ ಬರುತ್ತಿದ್ದವು. ಹೆಬ್ಬೆಟ್ಟು ಒತ್ತುವ ಅಪ್ಪಂದಿರದು ಇನ್ನೂ ಸುಲಭ. ನನ್ನ ಹೆಬ್ಬೆಟ್ಟು ಯಾರ ಹೆಬ್ಬೆಟ್ಟಾದರೂ ಆಗಲು ಸಿದ್ಧವಿತ್ತು. ಮೇಷ್ಟ್ರು ಒಮ್ಮೆ ಮಾತ್ರ ಪಟ್ಟಿಗಳನ್ನೆಲ್ಲ ಸಾಲಾಗಿ ಹರಡಿ, "ಏನಲೇ ಅಮರಾ, ಈ ಊರಾಗ ಎಲ್ಲಾರ ಅಪ್ಪಗೂ ಎಡಗೈ ಹೆಬ್ಬೆಟ್ಟಿನಾಗ ಕುಡುಗೋಲು ಹತ್ತಿದ ಗಾಯ ಒಂದs ಜಾಗದಾಗ ಐತಲ್ಲ" ಎಂದಿದ್ದರು. ನಾನು ನನ್ನ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಜ್ವಾಳ ಕೊಯ್ಯೋ ಊರಲ್ರೀ ಸರ" ಎಂದೆ. ಅಷ್ಟಕ್ಕೇ ಮುಗಿಯಿತು. ಅಂದು ಎರಡು ಏಟು ಬಿದ್ದಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಎಸ್ಸೆಸ್ಸೆಲ್ಸಿ ಮುಗಿಸಿ, ಅಲ್ಲಿಗೇ ಓದಿಗೆ ಕೈ ಮುಗಿದು, ಸಿಂಧನೂರು ಮತ್ತು ಮಸ್ಕಿಯ ನಡುವೆ ರಸ್ತೆಗೆ ಹತ್ತಿಕೊಂಡಿದ್ದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡೆ. ಬಹಳ ವರ್ಷದ ಮೇಲೆ ಗಿರಣಿ ಮಾರಾಟವಾಯಿತು. ಕೊಂಡವರು ಅದರಲ್ಲಿ ಔಷಧ ಕಾರ್ಖಾನೆ ಹಾಕಿದರು. ವಾಂತಿ ಭೇದಿಯಾದವರಿಗೆ ನೀರಿನಲ್ಲಿ ಕಲಸಿ ಕುಡಿಸುತ್ತಾರಲ್ಲ, ಆ ಓಆರ್‌ಎಸ್ ಪುಡಿಯ ಪೊಟ್ಟಣ ಮಾಡುವ ಕಾರ್ಖಾನೆ. ಶೆಡ್ಡಿನ ಜೊತೆಗೆ ನಾನೂ ಹೊಸ ಮಾಲಕರ ಕೈಗೆ ಹೋದೆ. ತೂಕದ ಯಂತ್ರವನ್ನು ತೆಗೆದು ಹಾಕಿದರು, ನನ್ನನ್ನು ರೆಕಾರ್ಡ್ ರೂಮಿನಲ್ಲಿ ಕೂರಿಸಿದರು. ಆಗಲೇ ನನಗೆ ಗೊತ್ತಾದದ್ದು, ಔಷಧ ಮಾಡುವುದೆಂದರೆ ಪುಡಿ ಕಲಸುವುದಲ್ಲ, ಬರೆಯುವುದು. ನೆಲ ಗುಡಿಸಿದರೆ ಬರೆಯಬೇಕು. ಯಾರು ಗುಡಿಸಿದರು, ಎಷ್ಟು ಹೊತ್ತಿಗೆ, ಅದನ್ನು ನಿಂತು ನೋಡಿದವರು ಯಾರು, ನೋಡಿದವರು ನೋಡಿದ್ದು ನಿಜವೆಂದು ಒಪ್ಪಿದವರು ಯಾರು, ಎಲ್ಲರ ಸಹಿ ಬೇಕು. ನಮ್ಮ ಮ್ಯಾನೇಜರ್ ರಾವ್ ಸಾಹೇಬರು ತುರ್ವಿಹಾಳದ ಕಡೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವರು. ಅರ್ಧ ತೆಲುಗು, ಅರ್ಧ ಕನ್ನಡ. ಮೊದಲ ದಿನವೇ, "ಅಮರಪ್ಪಗಾರು, ಬರದಿಲ್ಲ ಅಂದ್ರ ಆ ಕೆಲಸ ಮಾಡೇ ಇಲ್ಲ ಅಂತ ಲೆಕ್ಕ, ಅರ್ಥಮಯ್ಯಿಂದಾ?" ಎಂದು ತಾಕೀತು ಮಾಡಿದರು. ಮನೆಗೆ ಬಂದು ಹೆಂಡತಿ ಗಂಗವ್ವನಿಗೆ ಇದನ್ನು ದೊಡ್ಡ ತತ್ವವೆಂಬಂತೆ ಹೇಳಿದೆ. ಆಕೆ, "ಹಂಗಾದ್ರ ಮನ್ಯಾಗ ಚಾ ಕುಡದದ್ದೂ ಒಂದೀಟು ಬರದಿಡ್ರಿ. ಕುಡದು ತಾಸಾಗಿಲ್ಲ, ಮತ್ತ ಕೇಳ್ತೀರಿ" ಎಂದಳು.

ಈ ಬರಹಗಳಿಗೆ ಒಂದು ಕಟ್ಟಳೆ ಇದೆ. ಯಾವ ಕೆಲಸ ಹೇಗೆ ಮಾಡಬೇಕು ಎಂದು ತಿಳಿಸುವ ಹಾಳೆಗೆ ಒಂದು ನಂಬರು, ಆ ನಂಬರಿಗೆ ಒಂದು ಆವೃತ್ತಿ. ಎರಡನೇ ಆವೃತ್ತಿ ಬಂದ ದಿನ ಒಂದನೆಯದು ಸತ್ತ ಹಾಗೆ. ಅದರ ಪ್ರತಿಗಳನ್ನೆಲ್ಲ ಹುಡುಕಿ ತಂದು, ರದ್ದು ಎಂದು ಮುದ್ರೆ ಹೊಡೆದು, ಒಂದನ್ನು ಇಟ್ಟುಕೊಂಡು ಉಳಿದವನ್ನು ಚೂರು ಮಾಡಬೇಕು. ಚೂರು ಮಾಡುವುದು ನನ್ನ ಕೆಲಸ. ಆದರೆ ಒಂದು ಕಡೆ ಖಾಲಿಯಿರುವ ಒಳ್ಳೆಯ ಗಟ್ಟಿ ಕಾಗದವನ್ನು ಹರಿಯಲು ನನಗೆ ಕೈ ಬರುತ್ತಿರಲಿಲ್ಲ. ಗಿರಣಿಯಲ್ಲಿ ಒಂದು ಹಾಳೆಯ ಎರಡೂ ಮಗ್ಗುಲು, ಆಮೇಲೆ ಅಂಚು, ಆಮೇಲೆ ಸಾಲುಗಳ ನಡುವೆ ಬರೆದವನು ನಾನು. ಹಾಗಾಗಿ ಗೇಟಿನ ಎದುರು ಮಿರ್ಚಿ ಬಜ್ಜಿ, ಮಂಡಾಳು ಮಾರುವ ಅಂಗಡಿಗೆ ಕಟ್ಟು ಕಟ್ಟಿ ಕೊಟ್ಟುಬಿಡುತ್ತಿದ್ದೆ. ಒಂದು ಸಲ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಒಳಗೆ ಬರುವ ಮುಂಚೆ ಅಲ್ಲಿ ಎರಡು ಮಿರ್ಚಿ ತಿಂದರು. ತಿಂದು, ಕೈ ಒರೆಸಿಕೊಳ್ಳುವ ಮುನ್ನ ಕಾಗದ ಓದಿದರು. ಅದರಲ್ಲಿ, ನಮ್ಮ ಪುಡಿ ಕಲಸುವ ಯಂತ್ರವನ್ನು ತೊಳೆಯುವ ಕ್ರಮದ ನಾಲ್ಕನೇ ಹಂತ, ಎಣ್ಣೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತಂತೆ. ಅವರು ಒಳಗೆ ಬಂದು ಆ ಕಾಗದವನ್ನು ರಾವ್ ಸಾಹೇಬರ ಮೇಜಿನ ಮೇಲಿಟ್ಟು, "ಇದರ ಐದನೇ ಹಂತ ಎಲ್ಲಿದೆ? ಬಜ್ಜಿ ಇನ್ನೂ ಎರಡು ತಿನ್ನಬೇಕೇನು?" ಎಂದು ಕೇಳಿದರು. ಆ ವರ್ಷವೇ ಕಾಗದ ಬಂದ್ ಆಗಿ ಕಂಪ್ಯೂಟರ್ ಬಂತು.

ಕಂಪ್ಯೂಟರಿನಲ್ಲಿ ದಾಖಲೆ ಇಡುವ ಆ ಏರ್ಪಾಡಿಗೆ ನಾವೆಲ್ಲ 'ಸಿಸ್ಟಮ್' ಎನ್ನುತ್ತಿದ್ದೆವು. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಅದರೊಳಗೆ ಏರಿಸುವ ಕೆಲಸ ನನಗೆ ಬಂತು. ಆಯುಧ ಪೂಜೆಯ ದಿನ ಭಕ್ತಿ ಸ್ವಲ್ಪ ಹೆಚ್ಚಾಗಿ, ಸ್ಕ್ಯಾನರಿನ ಮುಚ್ಚಳ ತೆಗೆದು, ಅದರ ಗಾಜಿಗೇ ಕುಂಕುಮ ಹಚ್ಚಿದೆ. ಮುಂದೆ ಹದಿನೈದು ದಿನ ಸ್ಕ್ಯಾನ್ ಮಾಡಿದ ಪ್ರತಿ ಹಾಳೆಯ ಬಲ ಮೂಲೆಯಲ್ಲಿ, ಸರಿಯಾಗಿ ತಾರೀಖಿನ ಮೇಲೆ, ಒಂದು ಕೆಂಪು ಬೊಟ್ಟು ಬಂತು. ನೋಡಲು ಲಕ್ಷಣವಾಗಿಯೇ ಇತ್ತು. ತಾರೀಖು ಮಾತ್ರ ಕಾಣುತ್ತಿರಲಿಲ್ಲ. ಎಲ್ಲವನ್ನೂ ಮತ್ತೆ ಮಾಡಿಸಿದರು. ಅದು ಹೋಗಲಿ, ನನ್ನ ನಿಜವಾದ ಪಾಪ ಅದಲ್ಲ.

ನಿಜವಾದ ಪಾಪ ಪಾಸ್‌ವರ್ಡಿನದು. ಸಿಸ್ಟಮ್ಮಿನಲ್ಲಿ ಪೆನ್ನಿನ ಸಹಿ ಇಲ್ಲ. ಅವರವರ ಹೆಸರಿಗೆ ಅವರವರ ಪಾಸ್‌ವರ್ಡು. ಅದನ್ನು ಒತ್ತಿ, 'ನಾನು ಇದನ್ನು ಓದಿದ್ದೇನೆ, ಒಪ್ಪಿದ್ದೇನೆ' ಎಂಬ ಗುಂಡಿ ಒತ್ತಿದರೆ ಅದೇ ಸಹಿ. ಗಿರಣಿಯ ಕಾಲದಲ್ಲಿ ಯಾರಾದರೂ ಊರಿಗೆ ಹೋಗುವಾಗ ಎರಡು ಖಾಲಿ ಹಾಳೆಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ರಬ್ಬರ್ ಮುದ್ರೆಗಳೆಲ್ಲ ನನ್ನ ಡಬ್ಬಿಯಲ್ಲೇ ಇರುತ್ತಿದ್ದವು. ಹಿರಿಯನ ಹತ್ತಿರ ಇಟ್ಟರೆ ಭದ್ರ ಎಂಬುದು ನಮ್ಮ ಕಡೆಯ ರೂಢಿ. ಪಾಸ್‌ವರ್ಡೂ ಹಾಗೆಯೇ ಎಂದುಕೊಂಡು ಒಬ್ಬೊಬ್ಬರೇ ತಂದು ಒಪ್ಪಿಸಿದರು. ನಾನು ಅವನ್ನು ಪಂಚಾಂಗದ ಕೊನೆಯ ಪುಟಗಳಲ್ಲಿ ಬರೆದುಕೊಂಡೆ. ಪುಡಿ ಕಲಸುವ ವಿಭಾಗದ ಮೇಸ್ತ್ರಿ ಹುಲಿಗೆಪ್ಪನದು ಅವನ ಎಮ್ಮೆಯ ಹೆಸರು, ಮುಂದೆ ಒಂದು ಎರಡು ಮೂರು. ರಾವ್ ಸಾಹೇಬರದು ಅವರ ಮೋಟಾರ್ ಸೈಕಲ್ಲಿನ ನಂಬರು. ಹುಲಿಗೆಪ್ಪ ಕೈಗವಸು ಹಾಕಿಕೊಂಡು ಒಳಗಿರುತ್ತಿದ್ದ. ಅದನ್ನು ಕಳಚಿ ಹೊರಗೆ ಬರಲು ಬೇಸರ. ಕಿಟಕಿಯಿಂದಲೇ, "ಕಾಕಾ, ನನ್ನ ಹೆಸರಲೇ ಒಂದು ಒತ್ತಿಬಿಡ್ರಿ" ಎನ್ನುತ್ತಿದ್ದ. ಹೀಗೆ ನಾನು ಬೆಳಿಗ್ಗೆ ಹುಲಿಗೆಪ್ಪ, ಮಧ್ಯಾಹ್ನ ಇನ್ಯಾರೋ, ಸಂಜೆಗೆ ರಾವ್ ಸಾಹೇಬ. ಒಮ್ಮೆ ಹುಲಿಗೆಪ್ಪನಾಗಿ ನಾನೇ ಬರೆದದ್ದನ್ನು ರಾವ್ ಸಾಹೇಬನಾಗಿ ನಾನೇ ಓದಿ, ಮನಸ್ಸಿಗೆ ಬರದೆ, 'ಇನ್ನು ಮುಂದೆ ಸರಿಯಾಗಿ ಬರೆಯತಕ್ಕದ್ದು' ಎಂದು ಷರಾ ಹಾಕಿ ತಿರಸ್ಕರಿಸಿದೆ. ಮರುದಿನ ಹುಲಿಗೆಪ್ಪ ಮುಖ ಊದಿಸಿಕೊಂಡು, "ಸಾಹೇಬ್ರಿಗೆ ನನ್ನ ಮ್ಯಾಲ ಯಾಕೋ ಸಿಟ್ಟು ಬಂದೈತಿ ಕಾಕಾ" ಎಂದ. ನಾನು ಸಮಾಧಾನ ಹೇಳಿದೆ.

ಪಾಸ್‌ವರ್ಡು ಕೊಡದವಳು ಒಬ್ಬಳೇ, ನಸೀಮಾ. ಲಿಂಗಸೂಗೂರಿನ ಹುಡುಗಿ, ಎಂಎಸ್ಸಿ ಮಾಡಿದವಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕ್ವಾಲಿಟಿ ವಿಭಾಗದ ಮುಖ್ಯಸ್ಥೆ. ಅವಳು ಪರೀಕ್ಷೆ ಮಾಡಿ, ದಾಖಲೆಗಳನ್ನೆಲ್ಲ ಓದಿ, ಸಹಿ ಮಾಡದೆ ಒಂದು ಪೊಟ್ಟಣವೂ ಗೇಟು ದಾಟುವ ಹಾಗಿಲ್ಲ. ಅವಳ ಹೆಸರು ಔಷಧ ಇಲಾಖೆಯ ಪಟ್ಟಿಯಲ್ಲಿತ್ತು. ಈ ಹುಡುಗಿಯ ಸಹಿಯನ್ನು ನಂಬಬಹುದು ಎಂದು ಸರ್ಕಾರವೇ ಒಪ್ಪಿದ ಪಟ್ಟಿ ಅದು. ಅವರ ಮನೆತನದಲ್ಲಿ ಅಷ್ಟು ಓದಿದವಳೂ ಅವಳೇ ಮೊದಲು, ಅಂಥ ಪಟ್ಟಿಯಲ್ಲಿ ಹೆಸರು ಬಂದವಳೂ ಅವಳೇ ಮೊದಲು. ನಾನು ಒಮ್ಮೆ ಪಂಚಾಂಗ ತೆರೆದು, "ನಿಂದೂ ಒಂದು ಬರೆಸವಾ, ಯಾವಾಗ್ಯಾರ ಬೇಕಾಗ್ತೈತಿ" ಎಂದೆ. ಅವಳು ನಕ್ಕು, "ಇಲ್ರಿ ಕಾಕಾ, ಇದು ಅಮಾನತ್ ಇದ್ದಂಗ. ನನ್ನ ನಂಬಿ ಕೊಟ್ಟಾರ, ನಾ ಇನ್ನೊಬ್ಬರಿಗೆ ಕೊಟ್ರ ಹ್ಯಾಂಗ?" ಎಂದಳು. ನನಗೆ ಒಂದಿಷ್ಟು ಅವಮಾನವೇ ಆಯಿತು. ನಲವತ್ತು ವರ್ಷ ಊರ ಸಹಿಯನ್ನೆಲ್ಲ ಡಬ್ಬಿಯಲ್ಲಿ ಇಟ್ಟುಕೊಂಡವನಿಗೆ ಈಗಿನ ಹುಡುಗಿ ಅಮಾನತ್ತಿನ ಪಾಠ ಹೇಳುವುದೇ? ಕೆಲವು ತಿಂಗಳ ಮೇಲೆ ಅವಳ ತಾಯಿ ಬಿದ್ದು ಕಾಲು ಮುರಿದುಕೊಂಡರು. ಅವಳು ಆಸ್ಪತ್ರೆಯಲ್ಲಿದ್ದಾಗ ಇಲ್ಲಿ ಯಾವುದೋ ಒಂದು ಪಟ್ಟಿ ತುರ್ತಾಗಿ ಬೇಕಾಯಿತು. ನಾನೇ ಫೋನು ಮಾಡಿ ಪಾಸ್‌ವರ್ಡು ಕೇಳಿದೆ. ಹಿಂದೆ ಯಾರೋ ಅವಳನ್ನು ಕರೆಯುತ್ತಿದ್ದರು, ಅವಸರದಲ್ಲಿ ಹೇಳಿಬಿಟ್ಟಳು. "ಇದೊಂದು ಸಲಕ್ಕ ಮಾತ್ರ ಕಾಕಾ. ಪಟ್ಟಿ ನೋಡಿ ಬಿಟ್ಟುಬಿಡ್ರಿ, ಬರಕೊಬ್ಯಾಡ್ರಿ" ಎಂದಳು. "ಛೇ, ನಾ ಯಾಕ ಬರಕೊಳ್ಳಲಿ" ಎಂದೆ. ಹಾಗೆ ಹೇಳುವಾಗ ಪಂಚಾಂಗದ ಮೇಲೆ ನನ್ನ ಪೆನ್ನು ಓಡುತ್ತಿತ್ತು. ಅದೇನು ಎಂದು ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ಬುದ್ಧಿ ಬಂದಿದೆ.

ಮುಂದಿನ ತಿಂಗಳೇ ಅವಳ ನಿಕಾಹ್ ಗೊತ್ತಾಯಿತು. ಎಂಟು ದಿನದ ರಜೆ. ಹೋಗುವ ಮೊದಲು ನನ್ನ ಕೈಗೆ ಒಂದು ಕಾಗದ ಕೊಟ್ಟಳು. ತಾನು ಇಲ್ಲದಾಗ ತನ್ನ ಕೈಕೆಳಗಿನ ವಿಜಯಾ ಸಹಿ ಮಾಡಬಹುದು ಎಂಬ ಅಧಿಕಾರ ಪತ್ರ ಅದು. "ಕಾಕಾ, ಇದನ್ನ ಇವತ್ತs ಸಿಸ್ಟಮ್‌ನಾಗ ಏರಿಸ್ರಿ. ನಾ ಅದರಾಗ ಸಹಿ ಮಾಡೀನಿ, ನೀವು ಏರಿಸಿದ ಮ್ಯಾಲೇ ವಿಜಯಾಗ ಸಹಿ ಮಾಡಾಕ ಬರ್ತೈತಿ. ಮರೀಬ್ಯಾಡ್ರಿ" ಎಂದು ಮೂರು ಸಲ ಹೇಳಿದಳು. ಜೊತೆಗೆ ಲಗ್ನಪತ್ರಿಕೆಯನ್ನೂ ಕೊಟ್ಟಳು. ನಾನು ಎರಡನ್ನೂ ಒಂದರೊಳಗೊಂದು ಇಟ್ಟು ಮನೆಗೆ ಒಯ್ದೆ. ಗಂಗವ್ವ ಲಗ್ನಪತ್ರಿಕೆಯನ್ನು ಗೂಡಿನಲ್ಲಿಟ್ಟಳು. ಅಧಿಕಾರ ಪತ್ರ ಅದರ ಹೊಟ್ಟೆಯಲ್ಲೇ ಉಳಿಯಿತು. ಅಂದು ಸಂಜೆ ಕಾರ್ಖಾನೆಯಿಂದ ಹೊರಡುವಾಗ ನಸೀಮಾ ದೂರದಿಂದಲೇ, "ಏರಿಸಿದ್ರ್ಯಾ ಕಾಕಾ?" ಎಂದು ಕೂಗಿದ್ದಳು. ನಾನು, "ಆತು, ಆತು, ಈಗ ಏರಿಸ್ತೀನಿ" ಎಂದು ಎರಡೂ ಕಾಲವನ್ನು ಒಂದೇ ಮಾತಿನಲ್ಲಿ ಸೇರಿಸಿ ಕಳಿಸಿದ್ದೆ.

ನಿಕಾಹದ ದಿನ ರಾವ್ ಸಾಹೇಬರು ಕಾರಿನಲ್ಲಿ ಬೆಳಿಗ್ಗೆಯೇ ಲಿಂಗಸೂಗೂರಿಗೆ ಹೋದರು. ನಾನು ಹನ್ನೆರಡರ ಬಸ್ಸಿಗೆ ಹೋಗುವುದೆಂದು ಇಸ್ತ್ರಿ ಅಂಗಿ ಹಾಕಿಕೊಂಡೇ ಕೆಲಸಕ್ಕೆ ಬಂದಿದ್ದೆ. ಹನ್ನೊಂದೂವರೆಗೆ ವಿಜಯಾ ಬಂದು, "ಕಾಕಾ, ಲಾರಿ ಬಂದು ನಿಂತೈತಿ. ಪರೀಕ್ಷಾ ಎಲ್ಲಾ ಪಾಸಾಗ್ಯಾವ. ಆದ್ರ ನನಗ ಸಹಿ ಮಾಡೋ ಗುಂಡಿನೇ ಬರವಲ್ದು" ಎಂದಳು. ನನಗೆ ಆಗ ಗೂಡಿನಲ್ಲಿದ್ದ ಪತ್ರಿಕೆ ಕಣ್ಣ ಮುಂದೆ ಬಂತು. ರಾವ್ ಸಾಹೇಬರಿಗೆ ಫೋನು ಮಾಡಿ, ಮರೆತೆ ಎಂದು ಒಂದು ಮಾತು ಹೇಳಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು. ಆದರೆ ಅರವತ್ತರ ಹತ್ತಿರ ಬಂದವನಿಗೆ ಮರೆವು ಎಂಬ ಮಾತನ್ನು ತಾನಾಗಿ ಬಾಯಿಂದ ಹೊರಡಿಸುವುದು ಕಷ್ಟ. ನಾನು, "ಸಿಸ್ಟಮ್ ಇವತ್ತು ನಿಧಾನ ಐತವ್ವ, ನೀ ನಡಿ, ನಾ ನೋಡ್ತೀನಿ" ಎಂದು ಅವಳನ್ನು ಕಳಿಸಿದೆ. ಬಾಗಿಲು ಮುಂದೆ ಮಾಡಿದೆ. ಪಂಚಾಂಗ ತೆಗೆದೆ. ನಸೀಮಾಳ ಹೆಸರು, ನಸೀಮಾಳ ಪಾಸ್‌ವರ್ಡು. 'ಈ ಬ್ಯಾಚಿನ ದಾಖಲೆಗಳನ್ನು ಓದಿದ್ದೇನೆ, ಒಪ್ಪಿದ್ದೇನೆ' ಎಂದು ಪರದೆ ಕೇಳಿತು. ಓದಲು ಪುಟಗಳು ನೂರರ ಮೇಲಿದ್ದವು, ಬಸ್ಸಿಗೆ ಎಂಟು ನಿಮಿಷವಿತ್ತು. ಒತ್ತಿದೆ. ಲಾರಿ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಲಿಂಗಸೂಗೂರಿನಲ್ಲಿ ನಸೀಮಾಳ ತಂದೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು, ನನಗಾಗಿ ಬೇರೆ ಮಾಡಿಸಿದ್ದ ಊಟದ ಮುಂದೆ ಕೂರಿಸಿ, "ಮನ್ಯಾಗ ದಿನಾ ಕಾಕಾ ಹಿಂಗಂದ್ರು, ಕಾಕಾ ಹಂಗಂದ್ರು ಅಂತ ನಿಮ್ಮ ಸುದ್ದಿನs ಆಕಿದು" ಎಂದು ತಾವೇ ಬಡಿಸಿದರು. ಬ್ರೆಡ್ಡಿನಿಂದ ಮಾಡುವ ಸಿಹಿ, ಡಬಲ್ ಕಾ ಮೀಠಾ, ಎರಡು ಸಲ ಹಾಕಿಸಿಕೊಂಡೆ. ನಾಚಿಕೆಯೇನೂ ಆಗಲಿಲ್ಲ. ನಾಚಿಕೆ ಬಂದದ್ದು ಎರಡು ತಿಂಗಳು ತಡವಾಗಿ, ಔಷಧ ಇಲಾಖೆಯ ಮೇಡಂ ಜೊತೆಗೆ.

ಈ ಮೇಡಂ ತಪಾಸಣೆಗೆ ಬಂದವರು ಮಿರ್ಚಿ ತಿನ್ನಲಿಲ್ಲ, ಚಹಾ ಕುಡಿಯಲಿಲ್ಲ, ಶೆಡ್ಡನ್ನೂ ಬಹಳ ನೋಡಲಿಲ್ಲ. ರೆಕಾರ್ಡ್ ರೂಮಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, "ಆಡಿಟ್ ಟ್ರೇಲ್ ತೆಗೆಯಿರಿ" ಎಂದರು. ಸಿಸ್ಟಮ್ಮಿನ ಹೊಟ್ಟೆಯೊಳಗೆ ಅಂಥದೊಂದು ಇದೆಯೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಯಾರು, ಯಾವ ದಿನ, ಯಾವ ನಿಮಿಷ ಏನು ಒತ್ತಿದರು ಎಂಬುದನ್ನೆಲ್ಲ ಅದು ತಾನಾಗಿ ಬರೆದಿಟ್ಟುಕೊಳ್ಳುತ್ತದೆಯಂತೆ. ಯಾರಿಗೂ ಅಳಿಸಲು ಬರುವುದಿಲ್ಲವಂತೆ. ನಾನು ನನ್ನನ್ನು ರೆಕಾರ್ಡ್ ಕೀಪರ್ ಎಂದುಕೊಂಡಿದ್ದೆ. ನನ್ನ ಕುರ್ಚಿಯ ಎದುರಿಗೇ ಕುಳಿತು ಇನ್ನೊಬ್ಬ ರೆಕಾರ್ಡ್ ಕೀಪರ್ ನನ್ನನ್ನೇ ಬರೆದುಕೊಳ್ಳುತ್ತಿದ್ದ. ಮೇಡಂ ರಜೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಾಡಿಸುತ್ತ ಒಂದು ಕಡೆ ನಿಂತರು. ನಸೀಮಾಳನ್ನು ಕರೆಸಿದರು. ರಾವ್ ಸಾಹೇಬರೂ ಬಂದು ನಿಂತರು. ನಾನು ಬೀರುವಿನ ಪಕ್ಕದಲ್ಲಿ ನಿಂತಿದ್ದೆ.

"ಈ ದಿನ ನೀವು ರಜೆಯಲ್ಲಿದ್ದಿರಿ" ಎಂದರು ಮೇಡಂ.

"ಹೌದ್ರಿ ಮೇಡಂ. ಅವತ್ತು ನನ್ನ ನಿಕಾಹ್ ಇತ್ತು" ಎಂದಳು ನಸೀಮಾ.

"ಹನ್ನೊಂದು ಗಂಟೆ ಐವತ್ತೆರಡು ನಿಮಿಷಕ್ಕೆ ನೀವು ಒಂದು ಬ್ಯಾಚ್ ಒಪ್ಪಿ ಸಹಿ ಮಾಡಿದ್ದೀರಿ."

ನಸೀಮಾ ಪರದೆಯನ್ನು ಬಗ್ಗಿ ನೋಡಿದಳು. "ಆ ಹೊತ್ತಿನ್ಯಾಗ ಸಹಿ ಮಾಡಿದ್ದು ಖರೇರಿ. ಆದ್ರ ಬ್ಯಾಚಿಗಲ್ಲ, ನಿಕಾಹ್‌ನಾಮಾಕ್ಕ."

"ಅದಕ್ಕೆ ದಾಖಲೆ ಇದೆಯೇ?"

ರಾವ್ ಸಾಹೇಬರು ಮುಂದೆ ಬಂದು, "ವಿಡಿಯೋ ಉಂದಿ ಮೇಡಂ, ನಾನೇ ತೆಗೆದೀನಿ" ಎಂದು ಫೋನು ಕೊಟ್ಟರು. ಖಾಜಿಯವರು ಕೇಳುವುದು, ಇವಳು ತಲೆ ಆಡಿಸುವುದು, ಮೆಹಂದಿಯ ಕೈ ಪೆನ್ನು ಹಿಡಿಯುವುದು, ಎಲ್ಲವನ್ನೂ ಮೇಡಂ ಮೊದಲಿನಿಂದ ಕೊನೆಯವರೆಗೆ ಮುಖದಲ್ಲಿ ಒಂದು ಗೆರೆಯೂ ಬದಲಾಗದಂತೆ ನೋಡಿದರು. ನೋಡಿ, "ಒಳ್ಳೆಯದಾಗಲಿ" ಎಂದು ಹರಸಿದರು. ಹರಸಿದ ಉಸಿರಿನಲ್ಲೇ, "ನಿಮ್ಮ ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತು?" ಎಂದು ಕೇಳಿದರು.

ನಸೀಮಾಳ ಕಣ್ಣು ನನ್ನ ಪಕ್ಕದ ಬೀರುವಿನವರೆಗೆ ಬಂದು ಅಲ್ಲಿಯೇ ನಿಂತಿತು. ನನ್ನ ಮುಖಕ್ಕೆ ಬರಲಿಲ್ಲ. "ಒಂದು ಸಲ ನಾನs ಫೋನಿನ್ಯಾಗ ಹೇಳೀನ್ರಿ. ತಪ್ಪು ನಂದು" ಎಂದಳು.

"ಯಾರಿಗೆ?"

"ಅದನ್ನ ನಾ ಹೇಳಂಗಿಲ್ರಿ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ನೋಡಿ, ನಿಮ್ಮ ಸಹಿಗೆ ನೀವೇ ಜವಾಬ್ದಾರರು. ಯಾರು ಮಾಡಿದ್ದು ಅಂತ ಗೊತ್ತಾಗದಿದ್ದರೆ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಿರಿ ಅಂತ ನಾನು ಬರೆಯಬೇಕಾಗುತ್ತೆ. ಊಟ ಮಾಡಿ ಬನ್ನಿ. ಮೂರು ಗಂಟೆಗೆ ಹೇಳಿ" ಎಂದರು. ಆ ಪಟ್ಟಿಯಿಂದ ಹೆಸರು ಹೋದರೆ ಇಲ್ಲಿ ಅಷ್ಟೇ ಅಲ್ಲ, ಯಾವ ಔಷಧ ಕಾರ್ಖಾನೆಯಲ್ಲೂ ಅವಳಿಗೆ ಆ ಕುರ್ಚಿ ಸಿಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಊಟದ ಹೊತ್ತಿಗೆ ನಾನು ಬುತ್ತಿ ಬಿಚ್ಚಿ ರೊಟ್ಟಿಯನ್ನು ನೋಡುತ್ತ ಕುಳಿತೆ. ಹುಲಿಗೆಪ್ಪನಿಗೆ ವಾಸನೆ ಹತ್ತಿತ್ತು. ಪಕ್ಕಕ್ಕೆ ಬಂದು ಕುಳಿತು ದನಿ ತಗ್ಗಿಸಿ, "ಸುಮ್ಮನ ಉಣ್ರಿ ಕಾಕಾ. ಆಕಿ ಹೇಳವಲ್ಲಳು, ನಾ ಹೇಳಂಗಿಲ್ಲ. ಕಂಪ್ಯೂಟರಿಗೆ ಬಾಯಿಲ್ಲ" ಎಂದ.

"ಅದಕ್ಕ ಬಾಯಿ ಇಲ್ಲದಿದ್ರ ನಾವು ಇವತ್ತು ಹಿಂಗ ಯಾಕ ಕುಂತೀವೋ ಮಾರಾಯಾ?"

"ಅದೂ ಖರೇ" ಎಂದು ಅವನು ನನ್ನ ಶೇಂಗಾ ಚಟ್ನಿಯನ್ನು ತನ್ನ ರೊಟ್ಟಿಗೆ ಹಚ್ಚಿಕೊಂಡ. "ಆದ್ರ ಕಾಕಾ, ಹೇಳೋ ಹೊತ್ತಿನ್ಯಾಗ ನನ್ನ ಎಮ್ಮಿ ಹೆಸರು ನಡುವ ತರಬ್ಯಾಡ್ರಿ."

ಗಂಗವ್ವನಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಆಕೆ, "ನನಗ್ಯಾಕ ಫೋನ್ ಮಾಡೀರಿ? ಆ ಕೂಸಿನ ಮದಿವ್ಯಾಗ ಉಂಡು ಬಂದು ಮೀಠಾ ಹಂಗಿತ್ತು ಹಿಂಗಿತ್ತು ಅಂತ ವಾರಗಟ್ಟಲೆ ಹೇಳಿದ್ರಿ. ಅದನ್ನ ಹೇಳಿದ ಬಾಯಿಲೇ ಇದನ್ನೂ ಹೋಗಿ ಹೇಳ್ರಿ" ಎಂದು ಇಟ್ಟುಬಿಟ್ಟಳು.

ಮೂರಕ್ಕೆ ಐದು ನಿಮಿಷವಿದ್ದಾಗ ಒಳಗೆ ಹೋದೆ. ನಾನು ಬಹಳ ಹೊತ್ತು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಹೊಸ್ತಿಲಲ್ಲೇ ಉದುರಿಹೋಯಿತು. ಬಲಗೈಯ ತೋರುಬೆರಳನ್ನು ಎತ್ತಿ ಹಿಡಿದು, "ಮೇಡಂ, ಅವತ್ತು ಒತ್ತಿದ ಬೆರಳು ಇದರೀ" ಎಂದೆ. ರಾವ್ ಸಾಹೇಬರು ಗೋಡೆಗೆ ಒರಗಿದರು. ನಸೀಮಾ ನೆಲ ನೋಡಿದಳು. ಮೇಡಂ ಬೆರಳನ್ನು ಒಂದು ಕ್ಷಣ ಗಮನಿಸಿ, "ಬರೆದುಕೊಡಿ" ಎಂದರು. ನನಗೆ ಹೋದ ಜೀವ ಬಂತು. ಬರೆಯುವುದೆಂದರೆ ನನಗೆ ನೀರು ಕುಡಿದಷ್ಟು ಸಲೀಸು. ಹಾಳೆಗೆ ಕೈ ಹಾಕಿದೆ. "ಕಾಗದದಲ್ಲಲ್ಲ. ಸಿಸ್ಟಮ್‌ನಲ್ಲಿ. ನಿಮ್ಮ ಹೆಸರಿನಲ್ಲಿ, ನಿಮ್ಮ ಪಾಸ್‌ವರ್ಡ್ ಹಾಕಿ" ಎಂದರು.

ನನ್ನ ಪಾಸ್‌ವರ್ಡು. ಕಾರ್ಖಾನೆಯ ಹದಿನಾಲ್ಕು ಜನರದು ನನಗೆ ಬಾಯಿಪಾಠವಿತ್ತು. ನನ್ನದು ಮಾತ್ರ ನೆನಪಿಲ್ಲ. ನೆನಪಿಡುವ ಪ್ರಸಂಗವೇ ಬಂದಿರಲಿಲ್ಲ. ದಾಖಲೆ ಏರಿಸುವಾಗಲೂ ತೆರೆದಿದ್ದ ಬೇರೆ ಯಾರದೋ ಹೆಸರಿನಲ್ಲೇ ಏರಿಸುತ್ತಿದ್ದೆ, ನಾನು ಎಂದೂ ನಾನಾಗಿ ಏನನ್ನೂ ಒತ್ತಿದವನಲ್ಲ. ಮನೆದೇವರು ಅಮರೇಶ್ವರನ ಹೆಸರು ಹಾಕಿ ನೋಡಿದೆ, ಅಲ್ಲವೆಂದಿತು. ಊರಿನ ಹೆಸರು ಹಾಕಿದೆ, ಅಲ್ಲವೆಂದಿತು. ಗಂಗವ್ವನ ಹೆಸರು ಹಾಕಿದಾಗ ಕೆಂಪು ಅಕ್ಷರ ಬಂದು, ಈ ಹೆಸರಿನ ಬಾಗಿಲು ಬಂದ್ ಆಗಿದೆ, ಕ್ವಾಲಿಟಿ ಮುಖ್ಯಸ್ಥರನ್ನು ಕಾಣಿರಿ ಎಂದಿತು. ಅಂದರೆ ನಾನು ನಸೀಮಾಳ ಹೆಸರಿನಲ್ಲಿ ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕಾದರೆ ನಸೀಮಾಳೇ ಬಂದು ಬಾಗಿಲು ತೆಗೆಯಬೇಕು. ಬಂದಳು. ಕುರ್ಚಿಯಲ್ಲಿ ಕುಳಿತಳು. ಅವಳ ಬೆರಳು ಗುಂಡಿಗಳ ಮೇಲೆ ಬಂದು ನಿಂತಿತು. ನಾನು ಅಭ್ಯಾಸಬಲದಿಂದ ಅಲ್ಲಿಯೇ ಭುಜದ ಹಿಂದೆ ನಿಂತಿದ್ದೆ. ಅವಳು ತಿರುಗದೆಯೇ, "ಕಾಕಾ, ಒಂದೀಟು ಆ ಕಡಿ ಮುಖ ಮಾಡ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಗೋಡೆಯ ಕಡೆಗೆ ತಿರುಗಿ ನಿಂತೆ. ಗೋಡೆಯ ಮೇಲೆ ಸುಣ್ಣ ಎದ್ದಿತ್ತು. ಹಿಂದೆ ಟಕಟಕ ಸದ್ದು ಕೇಳುತ್ತಿತ್ತು. ಸಂತೆಕಲ್ಲೂರಿನ ಮೇಷ್ಟ್ರು ಕೊಡದೆ ಉಳಿಸಿದ್ದ ಆ ಎರಡು ಏಟು ಅಲ್ಲಿ ಬಿದ್ದವು ಎಂದು ತಿಳಿಯಿರಿ.

ಬಾಗಿಲು ತೆರೆಯಿತು. ಬರೆದೆ. ಮೊದಲು ಬರೆದದ್ದು ಹೀಗಿತ್ತು: 'ಕೆಲಸದ ಒತ್ತಡದಲ್ಲಿ ಸಹಿಯಾಗಿರುತ್ತದೆ.' ಮೇಡಂ ಓದಿ, "ಸಹಿ ತಾನಾಗಿ ಆಗುತ್ತಾ? ಯಾರು ಮಾಡಿದ್ದು?" ಎಂದು ವಾಪಸು ಕಳಿಸಿದರು. ಎರಡನೇ ಆವೃತ್ತಿಯಲ್ಲಿ, 'ಲಾರಿ ಕಾಯುತ್ತಿದ್ದರಿಂದ ನನ್ನಿಂದ ಸಹಿ ಮಾಡಲ್ಪಟ್ಟಿತು' ಎಂದು ಬರೆದೆ. ಲಾರಿಯವನನ್ನು ಕರೆಸಿ ಕೇಳಿದರು. ಅವನು, "ನನಗೇನೂ ಗಡಿಬಿಡಿ ಇರಲಿಲ್ರಿ, ಗಾಡಿ ಕೆಳಗ ಮಲಗಿದ್ದೆ, ಇವರೇ ಬಂದು ಎಬ್ಬಿಸಿದ್ರು" ಎಂದ. ಮೂರನೆಯದರಲ್ಲಿ ವಿಜಯಾಳಿಗೆ ಅಧಿಕಾರ ಇಲ್ಲದ್ದರಿಂದ ಎಂದು ಬರೆದೆ. ಯಾಕೆ ಇರಲಿಲ್ಲ ಎಂದರು. ನಾಲ್ಕನೆಯದು ಎರಡು ಸಾಲು: 'ನಸೀಮಾ ಅವರು ಕೊಟ್ಟ ಪತ್ರವನ್ನು ಏರಿಸಲು ನಾನು ಮರೆತೆ. ಮರೆತದ್ದು ಗೊತ್ತಾಗಬಾರದೆಂದು, ಊಟಕ್ಕೆ ಬಸ್ಸು ತಪ್ಪಬಾರದೆಂದು, ದಾಖಲೆ ಓದದೆ ಅವರ ಹೆಸರಿನಲ್ಲಿ ನಾನು ಸಹಿ ಮಾಡಿದೆ.' ಮೇಡಂ, "ಇದು ಸರಿ" ಎಂದರು. ನನ್ನ ಕೈಯಿಂದ ಬಂದ ದಾಖಲೆಯೊಂದು ಹಾಗೆ ಪೂರ್ತಿ ಸರಿ ಎನಿಸಿಕೊಂಡದ್ದು ಅದೇ ಮೊದಲು. ಹಿಂದಿನ ಮೂರನ್ನು ತೆಗೆದುಬಿಡಿ ಎಂದು ಕೇಳಿಕೊಂಡೆ. ರದ್ದಾದ ಆವೃತ್ತಿಗಳೂ ತಾರೀಖು, ನಿಮಿಷದ ಸಮೇತ ಅಲ್ಲಿಯೇ ಇರುತ್ತವೆ ಎಂದರು. ಕಂಪ್ಯೂಟರಿಗೆ ಎದುರಿನಲ್ಲಿ ಮಿರ್ಚಿ ಅಂಗಡಿ ಇಲ್ಲ.

ನಸೀಮಾಳ ಹೆಸರು ಪಟ್ಟಿಯಲ್ಲಿ ಉಳಿಯಿತು. ಫೋನಿನಲ್ಲಿ ಪಾಸ್‌ವರ್ಡು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಪತ್ರ ಬಂತು. ಹೊರಗೆ ಹೋದ ಪೊಟ್ಟಣಗಳ ದಾಖಲೆಯನ್ನು ಅವಳು ಕುಳಿತು ಹೊಸದಾಗಿ ಓದಿ, ಪರೀಕ್ಷೆಯೆಲ್ಲ ಸರಿಯಿದೆಯೆಂದು ಈ ಸಲ ತಾನೇ ಸಹಿ ಮಾಡಿದಳು. ನನ್ನಿಂದ ಸಿಸ್ಟಮ್ಮಿನ ಕೆಲಸ ಕಿತ್ತುಕೊಂಡರು, ನಿವೃತ್ತಿಯವರೆಗೆ ಸ್ಟೋರಿನಲ್ಲಿ ಖಾಲಿ ರಟ್ಟಿನ ಡಬ್ಬಿ ಎಣಿಸಲು ಹಾಕಿದರು. ಹದಿನಾಲ್ಕು ಜನರೂ ಪಾಸ್‌ವರ್ಡು ಬದಲಿಸಿದರು. ಹುಲಿಗೆಪ್ಪ ಅದಕ್ಕೆಂದೇ ಇನ್ನೊಂದು ಎಮ್ಮೆ ಕೊಂಡ ಎಂದು ವಿಜಯಾ ಆಡಿಕೊಂಡಳು. ನಸೀಮಾ ಈಗಲೂ ನನ್ನನ್ನು ಕಾಕಾ ಎಂದೇ ಕರೆಯುತ್ತಾಳೆ. ಒಂದು ದಿನ ಸ್ಟೋರಿಗೆ ಬಂದವಳನ್ನು ತಡೆದು, "ಅವತ್ತು ನನ್ನ ಹೆಸರು ಯಾಕ ಹೇಳಲಿಲ್ಲವಾ?" ಎಂದು ಕೇಳಿದೆ. "ನಿಮ್ಮ ಬಾಯಿಲೆ ಬರಲಿ ಅಂತ ಕಾದೆ ಕಾಕಾ. ಮೂರು ಗಂಟಿತನ ಟೈಮ್ ಇತ್ತಲ್ಲ" ಎಂದಳು. ನಾನು ಮೂರಕ್ಕೆ ಬಾರದಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಒಂದು ವಿಷಯ ಉಳಿಯಿತು. ಇಂಥ ತಪ್ಪು ಮತ್ತೆ ಆಗಬಾರದೆಂದು ನನ್ನ ನಾಲ್ಕನೇ ಆವೃತ್ತಿಯನ್ನು ಕಾರ್ಖಾನೆಯವರೆಲ್ಲ ವರ್ಷಕ್ಕೊಮ್ಮೆ ಓದಲೇಬೇಕಾದ ಪಾಠವಾಗಿ ಇಟ್ಟರು. ಓದಿ, 'ಓದಿದ್ದೇನೆ, ಅರ್ಥಮಾಡಿಕೊಂಡಿದ್ದೇನೆ' ಎಂದು ಒತ್ತಿ, ಕೆಳಗಿನ ಐದು ಪ್ರಶ್ನೆಗೆ ಉತ್ತರಿಸಬೇಕು. ಎಲ್ಲರೂ ಎಂದರೆ ನಾನೂ ಬಂದೆ. ನಿವೃತ್ತಿಗೆ ಒಂದು ತಿಂಗಳಿದ್ದಾಗ ನನ್ನ ಸರದಿ. ನನ್ನ ಹೆಸರು, ನನ್ನ ಪಾಸ್‌ವರ್ಡು, ಎಲ್ಲ ಕ್ರಮವಾಗಿ ಹಾಕಿದೆ. ನಾಲ್ಕು ಪ್ರಶ್ನೆ ಸರಿಯಾದವು. ಐದನೆಯದು, ಈ ಘಟನೆಗೆ ಮೂಲ ಕಾರಣವೇನು ಎಂದಿತ್ತು. ಕೆಲಸದ ಒತ್ತಡ, ತರಬೇತಿಯ ಕೊರತೆ, ಸಿಸ್ಟಮ್ ನಿಧಾನವಾಗಿದ್ದುದು, ತನ್ನ ಮರೆವನ್ನು ಮುಚ್ಚಿಕೊಳ್ಳಲು ನೌಕರನು ಇನ್ನೊಬ್ಬರ ಸಹಿ ಬಳಸಿದ್ದು, ಹೀಗೆ ನಾಲ್ಕು ಉತ್ತರ ಕೊಟ್ಟಿದ್ದರು. ನಾನು ಹೆಚ್ಚು ಯೋಚಿಸದೆ ಮೊದಲನೆಯದನ್ನು ಒತ್ತಿದೆ. ಪರದೆ ಕೆಂಪಾಯಿತು. 'ತಪ್ಪು. ದಯವಿಟ್ಟು ದಾಖಲೆಯನ್ನು ಓದಿ.'

"ಓದಿದ್ರ್ಯಾ ಕಾಕಾ?" ಎಂದಳು ಪಕ್ಕದಲ್ಲಿ ನಿಂತಿದ್ದ ನಸೀಮಾ.

ನಾನೇ ಬರೆದದ್ದು, ಅದರಲ್ಲಿ ಓದುವುದೇನಿದೆ ಎಂದು, ಓದಿದ್ದೇನೆ ಎಂಬ ಗುಂಡಿಯನ್ನು ಓದದೆಯೇ ಒತ್ತಿದ್ದೆ.